ತೋಕಾಯ್ದೋ ದಾರಿಯ ಮುಗಿಯದ ಹಾಡುಗಳು

ಜಪಾನು ದೇಶದ ಪುರಾತನ ರಾಜಧಾನಿ ಕ್ಯೋಟೊವನ್ನೂ ಇಂದಿನ ರಾಜಧಾನಿ ಟೋಕಿಯೊವನ್ನೂ ಬೆಸೆಯುವ ಹಳೆಯ ಹೆದ್ದಾರಿಗೆ ತೋಕಾಯ್ದೋ ಎಂದು ಹೆಸರು. ‘ಪೂರ್ವದ ಕಡಲ ದಾರಿ’ ಎಂಬುದು ಅದರ ಅರ್ಥ. ಒಂದು ಕಾಲದಲ್ಲಿ ಸಾಮಂತರ ಪರಿವಾರಗಳೂ ವರ್ತಕರೂ ಯಾತ್ರಿಕರೂ ಕಾಲ್ನಡಿಗೆಯಲ್ಲಿ ಸವೆಸಿದ ದಾರಿ ಇದು. ನಡುನಡುವೆ ತಂಗಲು ಐವತ್ತಮೂರು ನೆಲೆಗಳಿದ್ದವು. ಹಿರೋಶಿಗೆ ಎಂಬ ಚಿತ್ರಕಾರನು ಹತ್ತೊಂಬತ್ತನೆಯ ಶತಮಾನದಲ್ಲಿ ಆ ನೆಲೆಗಳ ಮಳೆಯನ್ನೂ ಹಿಮವನ್ನೂ ಮರದಚ್ಚಿನ ಚಿತ್ರಗಳಲ್ಲಿ ಮೂಡಿಸಿ ಲೋಕವಿಖ್ಯಾತನಾದನು. 1964ರ ಅಕ್ಟೋಬರ್ 1ರಂದು ಇದೇ ದಿಕ್ಕನ್ನು ಹಿಡಿದು ಮಹಾವೇಗದ ರೈಲು ಓಡತೊಡಗಿತು. ಓಸಾಕಾದಿಂದ ಹೊರಟು ಕ್ಯೋಟೊ, ನಗೋಯಾ, ಹಮಾಮಾತ್ಸು ನಗರಗಳನ್ನು ಹಾದು ಟೋಕಿಯೊ ಸೇರುವ ಸುಮಾರು 515 ಕಿಲೋಮೀಟರುಗಳ ಹಾದಿಯನ್ನು ಅತಿವೇಗದ ಗಾಡಿಯು ಇಂದು ಎರಡೂವರೆ ಗಂಟೆಯೊಳಗೆ ಮುಗಿಸುತ್ತದೆ.

ಈ ದಾರಿಯ ದೇವಾಲಯಗಳನ್ನೂ ಚಹಾ ತೋಟಗಳನ್ನೂ ಫೂಜಿ ಪರ್ವತವನ್ನೂ ಕಂಡು ಹೋಗುವ ಪ್ರವಾಸಿಗರಿಗೆ ಲೆಕ್ಕವಿಲ್ಲ. ಆದರೆ ಸಂಗೀತಪ್ರಿಯನಾದ ಪ್ರವಾಸಿಗನಿಗೆ ಇಲ್ಲಿ ಇನ್ನೊಂದು ಯಾತ್ರೆಯೂ ಉಂಟು. 1980ರ ದಶಕದಲ್ಲಿ ದೂರದರ್ಶನದ ತೆರೆಗೆ ಜೋಡಿಸಿ ಮಕ್ಕಳು ಆಡುತ್ತಿದ್ದ ವಿಡಿಯೋ ಆಟಗಳ ಸಂಗೀತವು ಬಹುಮಟ್ಟಿಗೆ ಈ ದಾರಿಯ ಊರುಗಳಲ್ಲಿಯೇ ಹುಟ್ಟಿತು. ಆಟಿಕೆಯ ಸದ್ದೆಂದು ಹಿರಿಯರು ಕಿವಿ ಮುಚ್ಚಿಕೊಂಡ ಆ ರಾಗಗಳು ಈಗ ಪಿಯಾನೊ ವಾದ್ಯದ ಮೇಲೆ ಸ್ವರಲಿಪಿಯಾಗಿ ತೆರೆದು ಕುಳಿತಿವೆ. ಯಂತ್ರದ ದನಿಯನ್ನು ಒಬ್ಬನೇ ವಾದಕನ ಹತ್ತು ಬೆರಳುಗಳಿಗೆ ಒಪ್ಪಿಸುವ ಈ ಅಳವಡಿಕೆಯ ಕೆಲಸ ಮೇಲುನೋಟಕ್ಕೆ ಸುಲಭವಾಗಿ ಕಾಣುತ್ತದೆ. ಹಾದಿಯ ಒಂದೊಂದು ಊರನ್ನು ದಾಟಿದಂತೆಲ್ಲ ಅದರ ಕಷ್ಟವೂ ಸೊಗಸೂ ತಿಳಿದುಬರುತ್ತವೆ.

ಯಾತ್ರೆಯ ಮೊದಲ ಊರು ಓಸಾಕಾ. ವ್ಯಾಪಾರಕ್ಕೂ ಊಟೋಪಚಾರಕ್ಕೂ ಹೆಸರಾದ, ಗದ್ದಲವೇ ಚೆಲುವಾದ ನಗರ. ಇಲ್ಲಿಯ ಸಂಗೀತ ಕಾಲೇಜಿನಲ್ಲಿ ಪಿಯಾನೊ ಅಭ್ಯಾಸ ಮಾಡಿ 1988ರಲ್ಲಿ ಹೊರಬಂದ ಯೊಕೊ ಶಿಮೊಮುರಾ ಎಂಬ ತರುಣಿಯ ಮುಂದೆ ಎರಡು ದಾರಿಗಳಿದ್ದವು. ಒಂದು, ಪಿಯಾನೊ ಪಾಠ ಹೇಳುವ ಗೌರವದ ಉದ್ಯೋಗ. ಇನ್ನೊಂದು, ಇದೇ ಊರಿನ ಕ್ಯಾಪ್‌ಕಾಮ್ ಎಂಬ ಆಟದ ಸಂಸ್ಥೆಯಲ್ಲಿ ಸಂಗೀತ ರಚನೆ. ಆಕೆ ಎರಡನೆಯದನ್ನು ಆರಿಸಿಕೊಂಡರು. 1991ರಲ್ಲಿ ಬಂದ ‘ಸ್ಟ್ರೀಟ್ ಫೈಟರ್ 2’ ಎಂಬ ಕಾಳಗದ ಆಟದ ಬಹುಪಾಲು ರಾಗಗಳು ಆಕೆಯವು. ದೇಶದೇಶಗಳ ಮಕ್ಕಳು ಅವನ್ನು ಗುನುಗಿದರು. ಆದರೆ ಗುನುಗಿದವರಿಗೆ ಆಕೆಯ ಹೆಸರು ತಿಳಿಯಲಿಲ್ಲ.

ಏಕೆಂದರೆ ಆ ಕಾಲದ ರೂಢಿಯೇ ಹಾಗಿತ್ತು. ಪ್ರತಿಸ್ಪರ್ಧಿಗಳು ತಮ್ಮ ಕಲಾವಿದರನ್ನು ಸೆಳೆದುಕೊಂಡಾರೆಂಬ ಅಂಜಿಕೆಯಿಂದ ಆಟದ ಸಂಸ್ಥೆಗಳು ಅವರ ನಿಜನಾಮವನ್ನು ಹೊರಗೆಡಹುತ್ತಿರಲಿಲ್ಲ. ಶಿಮೊಮುರಾ ಅವರ ಹೆಸರು ಆಟದಲ್ಲಿ ‘ಶಿಮೊ-ಪಿ’ ಎಂದಷ್ಟೇ ಮೂಡಿತು. 1987ರ ‘ಮೆಗಾ ಮ್ಯಾನ್’ ಆಟಕ್ಕೆ ಸಂಗೀತ ರಚಿಸಿದ ಮನಾಮಿ ಮಾತ್ಸುಮಾಯೆ ಅವರೂ ಅಡ್ಡಹೆಸರಿನಲ್ಲಿಯೇ ಕಾಣಿಸಿಕೊಂಡರು. ಕೊನಾಮಿ ಸಂಸ್ಥೆಯ ‘ಕ್ಯಾಸಲ್‌ವೇನಿಯಾ’ ಆಟದ ಸಂಗೀತಗಾರರಲ್ಲಿ ಒಬ್ಬರಾದ ಕಿನುಯೊ ಯಮಾಶಿತಾ ಅವರಿಗಂತೂ ‘ಜೇಮ್ಸ್ ಬನಾನಾ’ ಎಂಬ ನಗೆಹೆಸರು ದಕ್ಕಿತು. ಇಂದು ಅದೇ ರಾಗಗಳು ಪಿಯಾನೊ ಪುಸ್ತಕಗಳಲ್ಲಿ ಅಚ್ಚಾಗುವಾಗ ಪುಟದ ಮೇಲ್ತುದಿಯಲ್ಲಿ ರಚಿಸಿದವರ ಹೆಸರು ಇರುತ್ತದೆ. ಅಳವಡಿಕೆಯಿಂದಾದ ಮೊದಲ ಉಪಕಾರ ಇದು. ಅನಾಥವಾಗಿ ಅಲೆಯುತ್ತಿದ್ದ ಹಾಡಿಗೆ ಹೆತ್ತವರ ಹೆಸರು ಮರಳಿ ಬಂದಿತು.

ಓಸಾಕಾದಿಂದ ಕ್ಯೋಟೊಗೆ ಮಹಾವೇಗದ ರೈಲಿನಲ್ಲಿ ಕಾಲು ಗಂಟೆಯ ಹಾದಿ. ದೇಗುಲಗಳ ಈ ನಗರದಲ್ಲಿ, ಕಾಮೊ ನದಿಗೆ ಸಮೀಪದ ಒಂದು ಶಾಂತವಾದ ಬೀದಿಯಲ್ಲಿ, 1930ರಲ್ಲಿ ಕಟ್ಟಿದ ಗಂಭೀರವಾದ ಕಟ್ಟಡವೊಂದಿದೆ. ಇಸ್ಪೀಟು ಎಲೆಗಳನ್ನು ತಯಾರಿಸುತ್ತಿದ್ದ ನಿಂಟೆಂಡೊ ಸಂಸ್ಥೆಯ ಹಳೆಯ ಕಚೇರಿ ಅದು. 1889ರಲ್ಲಿ ಫುಸಾಜಿರೊ ಯಮಾಉಚಿ ಎಂಬ ಕುಶಲಿಯು ಹೂವಿನ ಚಿತ್ರಗಳ ‘ಹನಾಫುದಾ’ ಎಲೆಗಳನ್ನು ಮಾರಲು ತೆರೆದ ಅಂಗಡಿಯಿಂದ ಈ ಸಂಸ್ಥೆ ಬೆಳೆಯಿತು. ಕಟ್ಟಡವು 2022ರಿಂದ ವಸತಿಗೃಹವಾಗಿದೆ. ನಗರದ ದಕ್ಷಿಣಕ್ಕಿರುವ, ಚಹಾಕ್ಕೆ ಹೆಸರಾದ ಉಜಿಯಲ್ಲಿ ಸಂಸ್ಥೆಯ ಹಳೆಯ ಕಾರ್ಖಾನೆಯನ್ನೇ ವಸ್ತುಸಂಗ್ರಹಾಲಯವಾಗಿ ಮಾರ್ಪಡಿಸಿ 2024ರ ಅಕ್ಟೋಬರ್ 2ರಂದು ತೆರೆದಿದ್ದಾರೆ. ಸಾವಿರ ವರ್ಷಕ್ಕೆ ಸಮೀಪಿಸುತ್ತಿರುವ ಬ್ಯೋದೋಯಿನ್ ದೇಗುಲವನ್ನು ನೋಡಲು ಬರುವ ಹಿರಿಯರೊಡನೆ, ನಲವತ್ತು ವರ್ಷಗಳ ಹಿಂದಿನ ಆಟಿಕೆಗಳನ್ನು ನೋಡಲು ಬರುವ ಸಂಸಾರಗಳೂ ಈಗ ಉಜಿಯಲ್ಲಿ ಇಳಿಯುತ್ತವೆ.

ಅವರು ನೋಡಲು ಹಂಬಲಿಸುವ ವಸ್ತುಗಳಲ್ಲಿ ಮುಖ್ಯವಾದುದು 1983ರ ಜುಲೈ 15ರಂದು ಮಾರಾಟಕ್ಕೆ ಬಂದ ‘ಫ್ಯಾಮಿಲಿ ಕಂಪ್ಯೂಟರ್’. ಅದರ ಹೊಟ್ಟೆಯೊಳಗಿನ ಒಂದು ಸಣ್ಣ ಚಿಪ್ಪೇ ವಾದ್ಯಗೋಷ್ಠಿ. ಗೋಷ್ಠಿಯಲ್ಲಿ ಐದು ದನಿಗಳು ಮಾತ್ರ. ಎರಡು ದನಿಗಳು ಚೌಕಾಕಾರದ ತರಂಗಗಳಿಂದ ಹುಟ್ಟಿ ಪುಂಗಿಯಂತೆ ಹರಿತವಾಗಿ ನುಡಿಯುತ್ತವೆ. ಒಂದು ತ್ರಿಕೋನ ತರಂಗದಿಂದ ಹುಟ್ಟಿ ಮಂದ್ರದಲ್ಲಿ ಮೃದುವಾಗಿ ಗುಂಯ್‌ಗುಡುತ್ತದೆ. ನಾಲ್ಕನೆಯದು ಬರಿಯ ಸರಸರ ಸದ್ದು, ತಾಳಕ್ಕಾಗಿ ಇರುವಂಥದು. ಐದನೆಯದು ಮುದ್ರಿಸಿದ ಚಿಕ್ಕ ಸದ್ದುಗಳನ್ನು ಒರಟಾಗಿ ಮರುನುಡಿಸಬಲ್ಲದು. ತ್ರಿಕೋನದ ದನಿಗೆ ಜೋರು, ಮೆಲ್ಲನೆ ಎಂಬ ಭೇದವೇ ಇಲ್ಲ. ನುಡಿದರೆ ಒಂದೇ ಸಮ, ಇಲ್ಲವಾದರೆ ಮೌನ. ಸಾಲದುದಕ್ಕೆ, ಆಟದ ನಾಯಕನು ನೆಗೆದಾಗಲೂ ನಾಣ್ಯವನ್ನು ಹೆಕ್ಕಿದಾಗಲೂ ಆಗುವ ಸದ್ದಿಗೆ ಈ ಐವರಲ್ಲಿಯೇ ಒಬ್ಬನು ಹಾಡು ಬಿಟ್ಟು ಓಡಿಬರಬೇಕು.

ಇಂಥ ಬಡ ಗೋಷ್ಠಿಗೆ ಹಾಡು ಕಟ್ಟಲು 1984ರಲ್ಲಿ ಸಂಸ್ಥೆಗೆ ಬಂದವರು ನಗೋಯಾದ ಕೋಜಿ ಕೊಂಡೊ. ಮರುವರ್ಷ, 1985ರ ಸೆಪ್ಟೆಂಬರ್ 13ರಂದು, ‘ಸೂಪರ್ ಮಾರಿಯೊ ಬ್ರದರ್ಸ್’ ಹೊರಬಂದಿತು. ಚಿತ್ರ, ಆಟ, ಸಂಗೀತ ಎಲ್ಲವೂ ಸೇರಿ ಅದು ಹಿಡಿಯುತ್ತಿದ್ದ ಜಾಗ 40 ಕಿಲೋಬೈಟು. ಇಂದಿನ ಕೈಫೋನಿನಲ್ಲಿ ತೆಗೆದ ಒಂದೇ ಒಂದು ಛಾಯಾಚಿತ್ರಕ್ಕೂ ಅಷ್ಟು ಜಾಗ ಸಾಲದು. ಆ ಇಕ್ಕಟ್ಟಿನಲ್ಲಿ ಹುಟ್ಟಿದ ನಗೆಮೊಗದ ರಾಗವನ್ನು ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಗ್ರಂಥಾಲಯವು 2023ರಲ್ಲಿ ತನ್ನ ರಾಷ್ಟ್ರೀಯ ಧ್ವನಿಮುದ್ರಣಗಳ ಪಟ್ಟಿಗೆ ಸೇರಿಸಿಕೊಂಡಿತು. ಆ ಪಟ್ಟಿಯನ್ನು ಪ್ರವೇಶಿಸಿದ ಮೊದಲ ವಿಡಿಯೋ ಆಟದ ಸಂಗೀತ ಅದೇ.

ಈ ರಾಗವನ್ನು ಪಿಯಾನೊಗೆ ತರುವವನ ಕೆಲಸವನ್ನು ಇನ್ನು ನೋಡಬಹುದು. ಪಿಯಾನೊಗೆ 88 ಮನೆಗಳು, ವಾದಕನಿಗೆ ಎರಡು ಕೈಗಳು. ಯಂತ್ರದ ಮೂರು ಸುಸ್ವರ ದನಿಗಳನ್ನು ಎರಡು ಕೈಗಳಿಗೆ ಹಂಚಬೇಕು. ಎಡಗೈಗೆ ಮಂದ್ರ, ಬಲಗೈಗೆ ರಾಗವೂ ಅದರ ಜೊತೆಗಾರನೂ ಎಂದು ಹಂಚಿದರೆ ಮುಗಿಯಿತಲ್ಲ ಎನಿಸುತ್ತದೆ. ಮಾರಿಯೊ ರಾಗದ ಆರಂಭದಲ್ಲಿ ಮೂರು ದನಿಗಳೂ ಒಂದೇ ಹೆಜ್ಜೆಯಲ್ಲಿ ಜಿಗಿಯುವುದರಿಂದ ಅಲ್ಲಿ ಹಾಗೆ ಮುಗಿಯುವುದೂ ಉಂಟು. ಆದರೆ ಮುಂದೆ ದನಿಗಳು ತಮ್ಮತಮ್ಮ ದಾರಿ ಹಿಡಿಯುತ್ತವೆ. ರಾಗವೂ ಜೊತೆಗಾರನೂ ಎಂಟು ಸ್ವರಗಳಿಗಿಂತ ದೂರವಾದರೆ ಸಾಮಾನ್ಯರ ಅಂಗೈಗೆ ಅವು ಎಟುಕುವುದು ಕಷ್ಟ. ಒಂದೇ ಸ್ವರವನ್ನು ಯಂತ್ರವು ಕ್ಷಣಕ್ಕೆ ಹತ್ತು ಸಲ ನುಡಿದರೂ ದಣಿಯದು. ವಾದಕನು ಮೂರು ಬೆರಳುಗಳನ್ನು ಸರದಿಯಲ್ಲಿ ಬದಲಿಸುತ್ತ ಅದನ್ನು ಸಾಧಿಸಬೇಕು. ತಾಳದ ಸರಸರ ಸದ್ದಿಗೆ ಪಿಯಾನೊದಲ್ಲಿ ಮನೆಯೇ ಇಲ್ಲ. ಎಡಗೈಯ ಮಂದ್ರಸ್ವರಗಳನ್ನು ಚುಟುಕಾಗಿ ಕತ್ತರಿಸಿ ನುಡಿಸಿ, ಕೇಳುಗನ ಕಾಲು ತಾನಾಗಿ ತಾಳ ಹಾಕುವಂತೆ ಮಾಡಬೇಕು.

ಇನ್ನೂ ಸೂಕ್ಷ್ಮವಾದ ತೊಡಕುಗಳು ಹಲವು. ಯಂತ್ರದ ಸ್ವರವು ಹಿಡಿದಷ್ಟು ಹೊತ್ತೂ ಒಂದೇ ಬಲದಲ್ಲಿ ನಿಲ್ಲಬಲ್ಲದು. ಪಿಯಾನೊದ ಸ್ವರವಾದರೋ, ಸುತ್ತಿಗೆ ತಂತಿಗೆ ತಗುಲಿದ ಮರುಗಳಿಗೆಯಿಂದಲೇ ಕ್ಷೀಣಿಸತೊಡಗುತ್ತದೆ. ದೀರ್ಘಸ್ವರವೊಂದು ಬಂದಲ್ಲಿ ಅಳವಡಿಸುವವನು ಅದನ್ನು ಮತ್ತೆ ಮೀಟಬೇಕು, ಇಲ್ಲವೇ ನಡುವಿನ ದನಿಯೊಂದನ್ನು ಹರಿಯಬಿಟ್ಟು ಬರಿದನ್ನು ತುಂಬಬೇಕು. ಹಳೆಯ ಸಂಗೀತಗಾರರು ಎರಡನೆಯ ದನಿಯಿಂದ ಅದೇ ರಾಗವನ್ನು ತುಸು ತಡವಾಗಿ, ತುಸು ಮೆಲ್ಲಗೆ ನುಡಿಸಿ ಗುಹೆಯ ಮಾರ್ದನಿಯನ್ನು ಹುಟ್ಟಿಸುತ್ತಿದ್ದರು. ಆ ಕೆಲಸವನ್ನು ಪಿಯಾನೊದಲ್ಲಿ ಕಾಲಡಿಯ ಪೆಡಲೇ ಮಾಡಬಲ್ಲದಾದುದರಿಂದ, ಆ ದನಿಯನ್ನು ಕೈಬಿಟ್ಟು ಬೆರಳುಗಳಿಗೆ ಬಿಡುವು ಕೊಡಬಹುದು. ಕೆಲವೊಮ್ಮೆ ದನಿಗಳು ಸಾಲದೆ, ಸ್ವರಗುಚ್ಛವೊಂದನ್ನು ಬಿಡಿಬಿಡಿಯಾಗಿ ಅತಿವೇಗದಲ್ಲಿ ಉರುಳಿಸಿ, ಎಲ್ಲವೂ ಒಟ್ಟಿಗೆ ನುಡಿದಂತೆ ಕಿವಿಯನ್ನು ನಂಬಿಸುತ್ತಿದ್ದರು. ಹದಿನೆಂಟನೆಯ ಶತಮಾನದಲ್ಲಿ ಮೊಜಾರ್ಟನ ಎಡಗೈಯೂ ಸ್ವರಗುಚ್ಛವನ್ನು ಹೀಗೆಯೇ ಬಿಡಿಸಿ ಹೆಣೆಯುತ್ತಿತ್ತು.

ಯಂತ್ರಕ್ಕೆ ಸಾಧ್ಯವಾಗಿ ಪಿಯಾನೊಗೆ ಸಾಧ್ಯವಾಗದುದೂ ಒಂದುಂಟು. ಚಿಪ್ಪಿನ ದನಿಯು ಒಂದು ಸ್ವರದಿಂದ ಇನ್ನೊಂದಕ್ಕೆ ಜಾರಬಲ್ಲದು, ನಿಂತಲ್ಲೇ ನಡುಗಬಲ್ಲದು. ಪಿಯಾನೊದ ಮನೆಗಳ ನಡುವೆ ಜಾರುದಾರಿಯಿಲ್ಲ. ಗಮಕವನ್ನು ನುಡಿಸಲಾರದೆಂಬ ಆಕ್ಷೇಪಕ್ಕೆ ಗುರಿಯಾಗಿ ಹಾರ್ಮೋನಿಯಂ ವಾದ್ಯವು 1940ರಿಂದ 1971ರವರೆಗೆ ನಮ್ಮ ಆಕಾಶವಾಣಿಯಿಂದ ಹೊರಗುಳಿದುದನ್ನು ಬಲ್ಲ ವಾಚಕರಿಗೆ ಈ ಸಂಕಟ ಹೊಸದಲ್ಲ. ಜಾರುವಿಕೆಯ ಬದಲು ಒಂದೆರಡು ಪುಟ್ಟ ಸ್ವರಗಳನ್ನು ಮುಂದೆ ಇಟ್ಟು, ಅದರ ನೆನಪನ್ನು ಮಾತ್ರ ಉಳಿಸಿಕೊಳ್ಳುವುದು ಅಳವಡಿಸುವವನ ಉಪಾಯ.

ಪಿಯಾನೊದ ಬಲಾಬಲಗಳ ಮಾತು ಬಂದ ಮೇಲೆ ಅದರ ತವರಿಗೆ ಹೋಗದೆ ಯಾತ್ರೆ ಮುಂದುವರಿಯದು. ನಗೋಯಾವನ್ನು ದಾಟಿ, ಹಮಾನಾ ಸರೋವರವು ಕಡಲನ್ನು ಕೂಡುವೆಡೆಯ ಸೇತುವೆಯ ಮೇಲೆ ರೈಲು ಸಾಗಿದರೆ ಹಮಾಮಾತ್ಸು ಸಮೀಪಿಸಿತೆಂದು ಅರ್ಥ. ಅತಿವೇಗದ ಗಾಡಿ ಇಲ್ಲಿ ನಿಲ್ಲುವುದಿಲ್ಲ. ಪ್ರವಾಸಿಗನು ತುಸು ನಿಧಾನದ ಗಾಡಿಯನ್ನೇ ಹಿಡಿಯಬೇಕು. ನಿಲ್ದಾಣದ ಪಕ್ಕದಲ್ಲಿ ಮೌತ್ ಆರ್ಗನ್ನಿನ ಆಕಾರವನ್ನು ಹೋಲುವ ಗಗನಚುಂಬಿ ಕಟ್ಟಡವು ಊರಿನ ಕಸುಬನ್ನು ದೂರದಿಂದಲೇ ಸಾರುತ್ತದೆ. ಯಮಾಹಾ ಮತ್ತು ಕವಾಯ್ ಎಂಬ ಎರಡು ಹೆಸರಾಂತ ಪಿಯಾನೊ ಸಂಸ್ಥೆಗಳ ಊರು ಇದು. 1995ರಲ್ಲಿ ತೆರೆದ ವಾದ್ಯಗಳ ವಸ್ತುಸಂಗ್ರಹಾಲಯದಲ್ಲಿ ನಾನಾ ದೇಶಗಳ ವಾದ್ಯಗಳನ್ನು ನೋಡಬಹುದು.

ಊರಿನ ಈ ಭಾಗ್ಯಕ್ಕೆ ಮೂಲ 1887ರ ಒಂದು ಸಣ್ಣ ಘಟನೆ. ಇಲ್ಲಿಯ ಪ್ರಾಥಮಿಕ ಶಾಲೆಯೊಂದರ ವಿದೇಶೀ ಆರ್ಗನ್ ಕೆಟ್ಟಿತು. ಅದನ್ನು ಸರಿಪಡಿಸಲು ಬಂದ ತೊರಾಕುಸು ಯಮಾಹಾ ಎಂಬ ಯಂತ್ರಕುಶಲನು, ಇಂಥದನ್ನು ತಾನೇ ಏಕೆ ಮಾಡಬಾರದೆಂದು ಯೋಚಿಸಿ, ಒಂದನ್ನು ಕಟ್ಟಿಯೇಬಿಟ್ಟನು. ಅದನ್ನು ಪರೀಕ್ಷೆಗೆ ಒಪ್ಪಿಸಲು ಟೋಕಿಯೊದ ಸಂಗೀತ ವಿದ್ಯಾಲಯಕ್ಕೆ ಒಯ್ಯಬೇಕಾಯಿತು. ಸಂಗಡಿಗನೊಬ್ಬನನ್ನು ಕೂಡಿಕೊಂಡು, ವಾದ್ಯವನ್ನು ಅಡ್ಡೆಗೆ ಕಟ್ಟಿ ಹೆಗಲ ಮೇಲೆ ಹೊತ್ತು, ಹಾಕೊನೆ ಬೆಟ್ಟಗಳನ್ನು ಹತ್ತಿ ಇಳಿದು, ಸುಮಾರು 250 ಕಿಲೋಮೀಟರು ನಡೆದನೆಂದು ಪ್ರತೀತಿ. ಅಷ್ಟು ದೂರ ಹೊತ್ತು ತಂದ ವಾದ್ಯದ ಶ್ರುತಿ ಸರಿಯಿಲ್ಲವೆಂದು ವಿದ್ವಾಂಸರು ತಿರಸ್ಕರಿಸಿದರು. ಅವನು ಎದೆಗುಂದದೆ ಅಲ್ಲಿಯೇ ಉಳಿದು ಶ್ರುತಿಶಾಸ್ತ್ರವನ್ನು ಕಲಿತು, ಮರಳಿ ಬಂದು ಇನ್ನೊಂದನ್ನು ಕಟ್ಟಿದನು. ಸಂಸ್ಥೆಯ ಮೊದಲ ಪಿಯಾನೊ 1900ರಲ್ಲಿ ಸಿದ್ಧವಾಯಿತು.

ಪಿಯಾನೊವೂ ಆಟದ ಯಂತ್ರವೂ ಪರಸ್ಪರ ಅಪರಿಚಿತವೆಂದು ಬಗೆದವರಿಗೆ ಹಮಾಮಾತ್ಸುವಿನಲ್ಲಿ ಸೋಜಿಗ ಕಾದಿದೆ. ಯಮಾಹಾ ಸಂಸ್ಥೆಯು 1959ರಲ್ಲಿ ‘ಎಲೆಕ್ಟೋನ್’ ಎಂಬ ವಿದ್ಯುತ್ ಆರ್ಗನ್ನನ್ನು ಹೊರತಂದಿತು. ನಗೋಯಾದ ಬಾಲಕ ಕೋಜಿ ಕೊಂಡೊ ಸಂಗೀತದ ಓನಾಮ ಕಲಿತದ್ದು ಆ ವಾದ್ಯದ ಮೇಲೆಯೇ. ಸೆಗಾ ಸಂಸ್ಥೆಯು 1988ರಲ್ಲಿ ಬಿಡುಗಡೆ ಮಾಡಿದ ‘ಮೆಗಾ ಡ್ರೈವ್’ ಆಟದ ಯಂತ್ರದೊಳಗೆ ಹಾಡುತ್ತಿದ್ದ ಆರು ದನಿಗಳ ಚಿಪ್ ಕೂಡ ಯಮಾಹಾದ್ದೇ. ಒಂದೇ ಸಂಸ್ಥೆಯು ಶಾಲೆಗೆ ಪಿಯಾನೊವನ್ನೂ ಆಟದ ಕೋಣೆಗೆ ಚಿಪ್ಪನ್ನೂ ಕಳುಹಿಸಿತು. ಪಾಠ ಬಿಟ್ಟು ಆಟಕ್ಕೆ ಓಡಿದ ಮಗುವಿಗೆ ಅಲ್ಲಿಯೂ ಸಂಗೀತದ ಪಾಠವೇ ಕಾದಿತ್ತೆಂದರೆ ತಪ್ಪಾಗದು.

ಆದರೆ ಪಿಯಾನೊದ ಸಿರಿಯೇ ಅಳವಡಿಸುವವನಿಗೆ ಒಡ್ಡುವ ಅಪಾಯವೊಂದುಂಟು. 88 ಮನೆಗಳು ಎದುರಿಗಿರುವಾಗ ಮೂರೇ ದನಿಗಳಿಗೆ ತೃಪ್ತನಾಗುವುದು ಹೇಗೆ? ಕೈಯಲ್ಲಿ ಚಳಕವಿದ್ದವನು ಸ್ವರಗುಚ್ಛಗಳನ್ನು ರಾಶಿ ಹಾಕುತ್ತಾನೆ. ಮೇಲಿಂದ ಕೆಳಗೆ ಬೆರಳುಗಳನ್ನು ಓಡಿಸುತ್ತಾನೆ. ಕೇಳುವವರು ಚಪ್ಪಾಳೆ ತಟ್ಟುತ್ತಾರೆ. ಆ ಸಡಗರದಲ್ಲಿ ಹಳೆಯ ರಾಗವು ಮದುವೆಯ ಮನೆಯಲ್ಲಿ ಕಳೆದುಹೋದ ಮಗುವಿನಂತಾಗುತ್ತದೆ. ಆ ರಾಗಗಳ ಚೆಲುವೆಲ್ಲ ಮಿತದಲ್ಲಿತ್ತು. ಜಾಗವಿಲ್ಲದುದರಿಂದಲೇ ರಚನಕಾರನು ಒಂದು ಸ್ವರವನ್ನೂ ವ್ಯರ್ಥ ಮಾಡಲಿಲ್ಲ. ಅಂದು ಯಂತ್ರದ ಬಡತನವು ಬಲವಂತದಿಂದ ಕಲಿಸಿದ್ದನ್ನು ಇಂದು ಅಳವಡಿಸುವವನು ಸ್ವಂತ ವಿವೇಕದಿಂದ ಪಾಲಿಸಬೇಕಾಗಿದೆ. ಏನನ್ನು ಸೇರಿಸಬಲ್ಲೆನೆಂಬುದಕ್ಕಿಂತ ಏನನ್ನು ಸೇರಿಸದೆ ಇರಬಲ್ಲೆನೆಂಬುದೇ ಅವನ ನಿಜವಾದ ಪರೀಕ್ಷೆ. ಎರಡೇ ದನಿಗಳಲ್ಲಿ ಪೂರ್ಣವಾದ ಸಂಗೀತವನ್ನು ಕಟ್ಟಬಹುದೆಂದು ಬಾಕ್ ಮಹಾಶಯನು ತನ್ನ ಹದಿನೈದು ಚಿಕ್ಕ ‘ಇನ್ವೆನ್ಷನ್’ಗಳಲ್ಲಿ ಎಂದೋ ತೋರಿಸಿಕೊಟ್ಟಿದ್ದಾನೆ.

ಹಮಾಮಾತ್ಸು ಬಿಟ್ಟ ಮೇಲೆ ಎಡಗಡೆಯ ಕಿಟಕಿಯಲ್ಲಿ ಫೂಜಿ ಪರ್ವತವು ಮುಗಿಲು ಸರಿದರೆ ದರ್ಶನವೀಯುತ್ತದೆ. ಅನಂತರ ಊರಿಗೆ ಊರು ಬೆಸೆದು ಟೋಕಿಯೊ ಬರುತ್ತದೆ. ಇಲ್ಲಿಯ ಅಕಿಹಬಾರಾ ಪೇಟೆಯು ಯುದ್ಧಾನಂತರ ರೇಡಿಯೊ ಬಿಡಿಭಾಗಗಳ ಅಂಗಡಿಗಳಿಂದ ಬೆಳೆದುದು. ಈಗ ಅಲ್ಲಿ ಹಳೆಯ ಆಟಗಳ ಅಂಗಡಿಗಳೂ ಇವೆ. ಮಾಸಿದ ಪ್ಲಾಸ್ಟಿಕ್ ಕವಚದ ಯಂತ್ರಗಳು ಕಪಾಟುಗಳಲ್ಲಿ ಸಾಲಾಗಿ ಕುಳಿತಿವೆ. ಯಂತ್ರಗಳಿಗೂ ಮುಪ್ಪುಂಟು. ಬಿಡಿಭಾಗಗಳು ಸವೆಯುತ್ತವೆ, ಒಳಗಿನ ಬ್ಯಾಟರಿಗಳು ಸಾಯುತ್ತವೆ. ಇವುಗಳ ಸಂಗೀತವು ಬಹುಪಾಲು ಯಂತ್ರಕ್ಕೆ ತಿಳಿಯುವ ಅಂಕಿಗಳ ಸಾಲಾಗಿ ಇದ್ದಿತೇ ಹೊರತು ವಾದಕನು ಓದಬಲ್ಲ ಸ್ವರಲಿಪಿಯಾಗಿ ಮನೆಗಳನ್ನು ತಲುಪಿರಲಿಲ್ಲ. ಕಿವಿಗೊಟ್ಟು ಕೇಳಿ ಕಾಗದಕ್ಕೆ ಇಳಿಸುವವನು ಇಲ್ಲದಿದ್ದರೆ, ಯಂತ್ರವಿಲ್ಲದ ಮನೆಯಲ್ಲಿ ಆ ರಾಗವನ್ನು ಯಾರೂ ನುಡಿಸಲಾರರು.

ಕಾಗದಕ್ಕೂ ಸಭಾಭವನಕ್ಕೂ ಈ ಸಂಗೀತವನ್ನು ಕರೆತಂದ ಹಿರಿಯರಲ್ಲಿ ಕೋಯಿಚಿ ಸುಗಿಯಾಮಾ ಪ್ರಮುಖರು. 1931ರಲ್ಲಿ ಹುಟ್ಟಿ, ದೂರದರ್ಶನದ ಸಂಗೀತದಲ್ಲಿ ಆಗಲೇ ಹೆಸರು ಮಾಡಿದ್ದ ಅವರು ಜಪಾನೀ ಚದುರಂಗದ ಆಟವೊಂದನ್ನು ಕೊಂಡು, ಅದರ ಬಗ್ಗೆ ತಮ್ಮ ಅಭಿಪ್ರಾಯವನ್ನು ಅಂಚೆಯ ಕಾರ್ಡಿನಲ್ಲಿ ಬರೆದು ಕಳುಹಿಸಿದರು. ಹೆಸರನ್ನು ಕಂಡು ಬೆರಗಾದ ಎನಿಕ್ಸ್ ಸಂಸ್ಥೆಯವರು ಅವರನ್ನೇ ಸಂಗೀತಕ್ಕೆ ಕರೆದರು. 1986ರ ಮೇ 27ರಂದು ‘ಡ್ರ್ಯಾಗನ್ ಕ್ವೆಸ್ಟ್’ ಬಂದಿತು. ಅದೇ ಬಡ ಚಿಪ್ಪಿನಿಂದ ಅವರು ಅರಮನೆಗೆ ಹದಿನೆಂಟನೆಯ ಶತಮಾನದ ಯೂರೋಪಿನ ಗಾಂಭೀರ್ಯವನ್ನು ತಂದುಕೊಟ್ಟರು. 1987ರ ಆಗಸ್ಟ್ 20ರಂದು ಟೋಕಿಯೊದ ಸಂಟೋರಿ ಹಾಲ್ ಭವನದಲ್ಲಿ ತಂತಿವಾದ್ಯಗಳ ಮೇಳವು ಆ ರಾಗಗಳನ್ನು ನುಡಿಸಿತು. ಪಿಯಾನೊದ ಸರದಿ ಬಂದುದು 1992ರಲ್ಲಿ. ಗುರುವಿಲ್ಲದೆ ತಾನೇ ಪಿಯಾನೊ ಕಲಿತ ನೊಬುವೊ ಉಯೆಮಾತ್ಸು ‘ಫೈನಲ್ ಫ್ಯಾಂಟಸಿ 4’ ಆಟಕ್ಕೆ ರಚಿಸಿದ್ದ ಸಂಗೀತವನ್ನು ಶಿರೊ ಸಾತೊ ಒಂಟಿ ಪಿಯಾನೊಗೆ ಅಳವಡಿಸಿದರು. ‘ಪಿಯಾನೊ ಕಲೆಕ್ಷನ್ಸ್’ ಎಂಬ ಧ್ವನಿಮುದ್ರಣವೂ ಸ್ವರಲಿಪಿಯ ಪುಸ್ತಕವೂ ಹೊರಬಂದವು. ಮುಂದಿನ ಆಟಗಳಿಗೂ ಇದೇ ಸಂಪ್ರದಾಯ ಬೆಳೆಯಿತು.

ಸಭಾಭವನದಲ್ಲಿ ಕುಳಿತಾಗ ಕೊನೆಯ ತೊಡಕು ಎದುರಾಗುತ್ತದೆ. ಆಟದ ರಾಗಕ್ಕೆ ಮುಕ್ತಾಯವೇ ಇಲ್ಲ. ಹುಡುಗನು ಗುಹೆಯಿಂದ ಹೊರಬರಲು ಒಂದು ನಿಮಿಷ ತೆಗೆದುಕೊಂಡಾನೋ ಒಂದು ಗಂಟೆಯೋ, ರಚನಕಾರನಿಗೆ ತಿಳಿಯದು. ಆದುದರಿಂದ ರಾಗದ ಬಾಲವು ತಲೆಗೆ ಬೆಸೆದುಕೊಂಡು ಸುತ್ತುತ್ತಲೇ ಇರುತ್ತದೆ. ಅದು ನಿಲ್ಲುವುದು ಮೂರೇ ಸಂದರ್ಭಗಳಲ್ಲಿ: ಆಟಗಾರನು ಗೆದ್ದಾಗ, ಸೋತಾಗ, ಅಥವಾ ಊಟಕ್ಕೆ ಕರೆದು ಕರೆದು ಸಾಕಾದ ತಾಯಿಯು ಬಂದು ಗುಂಡಿಯನ್ನು ಆರಿಸಿದಾಗ. ಪಿಯಾನೊ ವಾದಕನು ಮಾತ್ರ ಎಲ್ಲಿಯಾದರೂ ಮುಗಿಸಿ, ಎದ್ದು ವಂದಿಸಲೇಬೇಕು. ಕೆಲವರು ಗೆಲುವಿನ ತುತ್ತೂರಿಯನ್ನು ಕೊನೆಗೆ ತಂದಿಡುತ್ತಾರೆ. ಕೆಲವರು ಮೊದಲ ಸಾಲಿಗೆ ಮರಳಿ ಅದನ್ನು ನಿಧಾನಿಸುತ್ತಾರೆ. ಕೆಲವರು ಗುಂಡಿ ಆರಿಸಿದಂತೆ ನಡುವೆಯೇ ಕೈ ಎತ್ತಿಬಿಡುತ್ತಾರೆ. ಯಾವುದನ್ನು ಆರಿಸಿದರೂ, ರಚಿಸಿದವನು ಹೇಳದೆ ಬಿಟ್ಟ ಮಾತನ್ನು ಅಳವಡಿಸಿದವನು ತನ್ನ ಹೊಣೆಯಲ್ಲಿ ಹೇಳಿದಂತೆಯೇ.

2021ರ ಜುಲೈ 23ರ ರಾತ್ರಿ ಇದೇ ಟೋಕಿಯೊದ ರಾಷ್ಟ್ರೀಯ ಕ್ರೀಡಾಂಗಣದಲ್ಲಿ ಒಲಿಂಪಿಕ್ ಕ್ರೀಡೆಗಳು ಆರಂಭವಾದವು. ಮಹಾಮಾರಿಯ ಕಾರಣ ಪ್ರೇಕ್ಷಕರ ಆಸನಗಳು ಬರಿದಾಗಿದ್ದವು. ದೇಶದೇಶಗಳ ಕ್ರೀಡಾಪಟುಗಳು ಒಳಬರುತ್ತಿದ್ದಂತೆ ಮೊದಲು ಮೊಳಗಿದುದು ಸುಗಿಯಾಮಾ ಅವರ ‘ಡ್ರ್ಯಾಗನ್ ಕ್ವೆಸ್ಟ್’ ರಾಗ. ಅಂದು ಅವರಿಗೆ ತೊಂಬತ್ತು ವರ್ಷ. ಎರಡು ತಿಂಗಳು ಕಳೆದ ಮೇಲೆ, ಸೆಪ್ಟೆಂಬರ್ 30ರಂದು, ಅವರು ತೀರಿಕೊಂಡರು. ಆ ಪೀಳಿಗೆಯ ಇತರರೂ ವಯಸ್ಸಾಗುತ್ತಿದ್ದಾರೆ. ಅವರ ರಾಗಗಳನ್ನು ಮೊದಲು ಕೇಳಿದ ಮಕ್ಕಳು ಈಗ ತಂದೆತಾಯಿಗಳಾಗಿದ್ದಾರೆ. ಮನೆಯ ಪಿಯಾನೊದ ಮುಂದೆ ಮಗುವನ್ನು ಕೂರಿಸಿ, ತಾವು ಯಂತ್ರದಿಂದ ಕಲಿತದ್ದನ್ನು ಕಾಗದದಿಂದ ಕಲಿಸುತ್ತಿದ್ದಾರೆ.

ಕ್ಷೀಣಿಸುವುದು ಪಿಯಾನೊ ಸ್ವರದ ಕೊರತೆಯೆಂದು ಅಳವಡಿಸುವವನು ದಾರಿಯುದ್ದಕ್ಕೂ ಗೊಣಗಿರಬಹುದು. ಕೊನೆಯ ಸಾಲಿನಲ್ಲಿ ಆ ಕೊರತೆಯೇ ಅವನ ನೆರವಿಗೆ ಬರುತ್ತದೆ. ಯಂತ್ರದ ದನಿಯನ್ನು ಯಾರಾದರೂ ನಿಲ್ಲಿಸಬೇಕು. ಪಿಯಾನೊದ ಸ್ವರವನ್ನು ಯಾರೂ ನಿಲ್ಲಿಸಬೇಕಾಗಿಲ್ಲ. ಬೆರಳನ್ನು ಒತ್ತಿಯೇ ಹಿಡಿದರೆ, ಅದು ತಾನಾಗಿ ತೆಳುವಾಗುತ್ತ ಹೋಗಿ, ಎಲ್ಲಿ ಮುಗಿಯಿತೆಂದು ಹೇಳಲಾಗದಂತೆ ಕಿವಿಯಲ್ಲಿ ಉಳಿದುಬಿಡುತ್ತದೆ.